ಕಾದಂಬರಿಯ ಒರಟ ನಾಯಕನೂ ‘ಸರಿಹೋಗುತ್ತಾನೆ’ ಎಂಬ ನಂಬಿಕೆಯೂ

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ. ದಿನವೂ ರೈಲಿನಲ್ಲಿ ಹೋಗಿಬರುತ್ತೇನೆ. ಆ ಎರಡು ಹೊತ್ತಿನ ಪ್ರಯಾಣದಲ್ಲಿ ಆರೇಳು ವರ್ಷಗಳಿಂದ ಫೋನಿನಲ್ಲಿ ಇಂಗ್ಲಿಷಿನ ಐತಿಹಾಸಿಕ ಪ್ರೇಮಕಾದಂಬರಿಗಳನ್ನು ಓದುತ್ತಿದ್ದೇನೆ. ಇನ್ನೂರು ವರ್ಷ ಹಿಂದಿನ ಇಂಗ್ಲೆಂಡು, ಡ್ಯೂಕ್ ಎಂಬ ಬಿರುದಿನ ದೊಡ್ಡ ಶ್ರೀಮಂತರು, ಅರಮನೆಯಂಥ ಮನೆಗಳು, ಕುದುರೆಗಾಡಿಗಳು. ನನಗೆ ಹಿಡಿಸುವುದು ಒಂದೇ ಬಗೆಯ ನಾಯಕ: ಮುಖ ಗಂಟಿಕ್ಕಿದವನು, ಹೆಸರು ಕೆಡಿಸಿಕೊಂಡವನು, ಮಾತಿನಲ್ಲೇ ಚುಚ್ಚುವವನು, ಒಳಗೊಂದು ಹಳೆಯ ಗಾಯವಿದ್ದು ಕೊನೆಗೆ ನಾಯಕಿಯ ಮುಂದೆ ಕರಗುವವನು. ಒಳ್ಳೆಯ ಸ್ವಭಾವದ ನಾಯಕನ ಕಥೆ ಸಿಕ್ಕಿದರೆ ಹತ್ತು ಪುಟಕ್ಕೇ ಬೇಸರವಾಗುತ್ತದೆ. ಆದರೆ ನನ್ನ ಯಜಮಾನರು ಬಹಳ ಸಾಧು. ಗೊಬ್ಬರದ ಅಂಗಡಿ ನಡೆಸುತ್ತಾರೆ, ಒಂದು ದಿನ ಗದರಿದವರಲ್ಲ. ಮಾತು ಮಾತ್ರ ಕಡಿಮೆ. ರಾತ್ರಿ ‘ಊಟ ಆಯ್ತಾ’ ಎಂದು ಕೇಳಿದರೆ ಆ ದಿನದ ಮಾತು ಮುಗಿಯಿತು.

ಈಗ ನನ್ನನ್ನು ಕಾಡುತ್ತಿರುವುದು ಬೇರೆ. ನನ್ನ ನಾದಿನಿಯ ಮಗಳಿಗೆ 19 ವರ್ಷ. ಮೈಸೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದಾಳೆ, ಶನಿವಾರ ನಮ್ಮ ಮನೆಗೆ ಬರುತ್ತಾಳೆ. ಅವಳಿಗೆ ಈ ಪುಸ್ತಕಗಳ ರುಚಿ ಹತ್ತಿಸಿದವಳು ನಾನೇ. ಹೋದ ತಿಂಗಳು, ತಾನು ಪ್ರೀತಿಸುತ್ತಿರುವ ಹುಡುಗನ ಬಗ್ಗೆ ಹೇಳಿದಳು: ‘ಅತ್ತೆ, ಅವನಿಗೆ ಕೋಪ ಜಾಸ್ತಿ. ಯಾರ ಜೊತೆ ಮಾತಾಡಿದೆ ಅಂತ ನನ್ನ ಫೋನ್ ತೆಗೆದು ನೋಡ್ತಾನೆ. ಒಂದ್ಸಲ ಎಲ್ಲರ ಮುಂದೆ ಬೈದುಬಿಟ್ಟ. ಆಮೇಲೆ ರಾತ್ರಿಯೆಲ್ಲ ಅತ್ತು ಕ್ಷಮೆ ಕೇಳಿದ. ಚಿಕ್ಕಂದಿನಲ್ಲಿ ತುಂಬ ನೋವು ತಿಂದಿದ್ದಾನೆ. ನನ್ನ ಹತ್ರ ಮಾತ್ರ ಮಗು ಥರ ಇರ್ತಾನೆ. ನೀವು ಕೊಟ್ಟ ಪುಸ್ತಕದ ಡ್ಯೂಕ್ ಥರಾನೇ.’ ಅಂದಿನಿಂದ ನನಗೆ ನಿದ್ದೆಯಿಲ್ಲ. ನನ್ನ ಮನಸ್ಸಿನಲ್ಲೇ ಏನಾದರೂ ದೋಷವಿದೆಯೇ? ಅವಳನ್ನು ಕೆಡಿಸಿದವಳು ನಾನೇ? ಪುಸ್ತಕಗಳನ್ನು ಬಿಡಿಸಲೇ? ಇದನ್ನೆಲ್ಲ ಯಜಮಾನರಿಗೆ ಹೇಳಬೇಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಓದಿಗೆ ಅದು ಪುಸ್ತಕಗಳನ್ನು ಕುರಿತ ಪತ್ರದಂತೆ ಕಂಡಿತು. ಎರಡನೆಯ ಓದಿಗೆ, ಹೆದರಿದ ಒಬ್ಬ ಅತ್ತೆಯ ಪತ್ರವೆಂದು ತಿಳಿಯಿತು. ಬೇರೆ ಬೇರೆಯಾದ ಎರಡು ಸಂಗತಿಗಳನ್ನು ನೀವು ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ. ನೀವು ರೈಲಿನಲ್ಲಿ ಕುಳಿತು ಓದುವ ಕಥೆ ಒಂದು, ಆ ಹುಡುಗಿ ಮೈಸೂರಿನಲ್ಲಿ ಬದುಕುತ್ತಿರುವ ಕಥೆ ಇನ್ನೊಂದು. ಮೊದಲನೆಯದಕ್ಕಾಗಿ ನೀವು ಪಡುತ್ತಿರುವ ನಾಚಿಕೆಗೆ ಕಾರಣವಿಲ್ಲ. ಎರಡನೆಯದರಿಂದ ನಿಮಗೆ ಹುಟ್ಟಿರುವ ಆತಂಕಕ್ಕೆ ಕಾರಣವಿದೆ. ಆ ನಾಚಿಕೆ ಈ ಆತಂಕವನ್ನು ಮುಚ್ಚಿಹಾಕಬಾರದು ಎಂಬುದೇ ನನ್ನ ಮೊದಲ ಕಳಕಳಿ. ‘ನಾನೇ ಕೆಡಿಸಿದೆ’ ಎಂದು ಕೊರಗುತ್ತ ಕುಳಿತವರು, ಮಾಡಲೇಬೇಕಾದ ಕೆಲಸದ ಹೊತ್ತಿಗೆ ಹಿಂದೆ ಸರಿದುಬಿಡುವುದನ್ನು ಆಪ್ತಸಮಾಲೋಚಕಿಯಾಗಿ 22 ವರ್ಷಗಳಲ್ಲಿ ಅನೇಕ ಸಲ ಕಂಡಿದ್ದೇನೆ.

ನಿಮ್ಮಿಂದಲೇ ಪ್ರಾರಂಭಿಸುತ್ತೇನೆ. ಕ್ರೂರ ನಾಯಕನ ಕಥೆಯನ್ನು ಆಸೆಪಟ್ಟು ಓದುವ ಹೆಂಗಸು ಒಳಗೊಳಗೇ ಕ್ರೌರ್ಯವನ್ನು ಬಯಸುತ್ತಾಳೆ ಎಂಬ ಮಾತು ಬಹಳ ಹಳೆಯದು, ಓದುಬರಹ ಬಲ್ಲವರ ಬಾಯಲ್ಲೂ ಕೇಳಿಬರುವಂಥದು. ಅದು ತಪ್ಪು. ಕಥೆಯೊಳಗಿನ ಭಯದಲ್ಲಿ ಬಾಗಿಲಿನ ಚಿಲಕ ಓದುವವಳ ಕೈಯಲ್ಲಿರುತ್ತದೆ. ರೈಲು ಮೈಸೂರು ನಿಲ್ದಾಣಕ್ಕೆ ಬಂದ ಕೂಡಲೇ ನೀವು ಫೋನನ್ನು ಬ್ಯಾಗಿಗೆ ಹಾಕುತ್ತೀರಿ. ಡ್ಯೂಕನ ಸಿಟ್ಟು, ಅವನ ಚುಚ್ಚುಮಾತು, ಅವನ ಮನೆಯ ಕತ್ತಲೆ ಓಣಿಗಳು ನೀವು ಮತ್ತೆ ತೆರೆಯುವವರೆಗೆ ಅಲ್ಲೇ ಕಾದಿರುತ್ತವೆ. ಅದಕ್ಕಿಂತ ದೊಡ್ಡ ರಕ್ಷಣೆಯೊಂದಿದೆ: ಅಂತ್ಯ ಸುಖವಾಗಿಯೇ ಇರುತ್ತದೆಂಬುದು ಈ ಬಗೆಯ ಕಾದಂಬರಿಯ ಮೊದಲ ಪುಟದಲ್ಲೇ ಒಪ್ಪಂದವಾಗಿರುತ್ತದೆ. ಅಮೆರಿಕದ ವಿದ್ವಾಂಸೆ ಜಾನಿಸ್ ರಾಡ್‌ವೇ, ಒಂದು ಸಣ್ಣ ಊರಿನಲ್ಲಿ ಪ್ರೇಮಕಾದಂಬರಿಗಳನ್ನು ಓದುವ ಗೃಹಿಣಿಯರನ್ನು ಮಾತನಾಡಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರಲ್ಲಿ ಕೆಲವರು ಪುಸ್ತಕ ಕೊಳ್ಳುವ ಮೊದಲೇ ಕೊನೆಯ ಪುಟಗಳನ್ನು ಓದಿ ಖಾತ್ರಿ ಮಾಡಿಕೊಳ್ಳುತ್ತಿದ್ದರೆಂಬ ವಿಷಯ ಬರುತ್ತದೆ. ಅದೇ ಓದುಗರು ನಿಜವಾಗಿ ಹಿಂಸೆ ಮಾಡುವ ನಾಯಕರನ್ನು ಒಪ್ಪುತ್ತಿರಲಿಲ್ಲ. ಮೇಲೆ ಒರಟಾಗಿದ್ದು ಒಳಗೆ ಮೃದುವಾಗಿರುವವನೇ ಅವರಿಗೆ ಬೇಕಾಗಿದ್ದ. ಇನ್ನೂ ಒಂದು ಮಾತನ್ನು ಅವರು ಹೇಳಿದ್ದರು, ಅದು ನಿಮಗೆ ನೇರವಾಗಿ ತಟ್ಟಬಹುದು: ಓದುವ ಹೊತ್ತು ತಮ್ಮದು, ಆ ಹೊತ್ತಿನಲ್ಲಿ ಯಾರೂ ಯಾವುದನ್ನೂ ಕೇಳುವಂತಿಲ್ಲ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಕಚೇರಿಗೂ ಮನೆಗೂ ನಡುವಿನ ಆ ಒಂದು ತಾಸಿನಲ್ಲಿ ನೀವು ಯಾರ ಸೊಸೆಯೂ ಅಲ್ಲ, ಯಾರ ಗುಮಾಸ್ತೆಯೂ ಅಲ್ಲ.

ಆದರೂ ಸಾಧು ನಾಯಕ ಏಕೆ ಹಿಡಿಸುವುದಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಉತ್ತರದ ಬಹುಪಾಲು ಆ ಕಥೆಗಳು ನಡೆಯುವ ಕಾಲದಲ್ಲೇ ಇದೆಯೆಂದು ನನಗನಿಸುತ್ತದೆ. ನೀವು ಓದುವ ಕಾದಂಬರಿಗಳಲ್ಲಿ ಹೆಚ್ಚಿನವು 1811ರಿಂದ 1820ರ ನಡುವೆ ನಡೆಯುವಂಥವು. ದೊರೆ ಮೂರನೆಯ ಜಾರ್ಜ್ ಕಾಯಿಲೆಯಿಂದ ಆಳಲಾರದೆ ಹೋದಾಗ ಅವನ ಮಗ ಪ್ರತಿನಿಧಿಯಾಗಿ ರಾಜ್ಯವಾಳಿದ ಒಂಬತ್ತು ವರ್ಷಗಳು ಅವು. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ಗಂಡನಿಂದ ಬೇರೆಯಾದ ಅಸ್ತಿತ್ವವೇ ಇರಲಿಲ್ಲ. ಅವಳ ಹಣ, ಅವಳ ದುಡಿಮೆ ಗಂಡನ ಕೈಸೇರುತ್ತಿತ್ತು. ಮಕ್ಕಳ ಮೇಲಿನ ಹಕ್ಕು ತಂದೆಯದು. ಬೇರೆಯಾದ ತಾಯಿ ತನ್ನ ಎಳೆಯ ಮಕ್ಕಳಿಗಾಗಿ ನ್ಯಾಯಾಲಯವನ್ನು ಕೇಳಿಕೊಳ್ಳಲು 1839ರ ಕಾಯ್ದೆಯವರೆಗೆ ಕಾಯಬೇಕಾಯಿತು. ಸಾಮಾನ್ಯ ನ್ಯಾಯಾಲಯದಲ್ಲಿ ವಿಚ್ಛೇದನ ದೊರೆಯುವಂತಾದದ್ದು 1857ರಲ್ಲಿ, ತನ್ನ ಆಸ್ತಿಯನ್ನು ತಾನೇ ಇಟ್ಟುಕೊಳ್ಳುವ ಪೂರ್ಣ ಹಕ್ಕು ಹೆಂಡತಿಗೆ ಬಂದದ್ದು 1882ರಲ್ಲಿ. (ನಮ್ಮ ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಆಸ್ತಿಹಕ್ಕಿನ ಕಾಯ್ದೆ ಬಂದದ್ದು 1933ರಲ್ಲಿ. ನಮ್ಮ ಅಜ್ಜಿಯರಲ್ಲಿ ಎಷ್ಟೋ ಮಂದಿ ಅದಕ್ಕೂ ಮುಂಚೆ ಹುಟ್ಟಿದವರು.)

ಇಂಥ ಜಗತ್ತಿನಲ್ಲಿ ಡ್ಯೂಕನೆಂದರೆ ಕೇವಲ ಸಿಡುಕು ಮುಖದ ಶ್ರೀಮಂತನಲ್ಲ. ಹೆಣ್ಣಿನ ಮೇಲೆ ಎಲ್ಲ ಅಧಿಕಾರವೂ ಇರುವ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಗಂಡಸು. ಕಾನೂನು ಅವನನ್ನು ತಡೆಯದು, ಸಮಾಜ ತಡೆಯದು, ಮನೆಯವರು ತಡೆಯರು. ಅಂಥವನು ತನ್ನ ಅಧಿಕಾರವನ್ನು ತಾನಾಗಿ ಕೆಳಗಿಟ್ಟು, ‘ನಿನಗೆ ನಾನು ಮಾಡಿದ್ದು ತಪ್ಪು’ ಎಂದು ಬಾಯಿಬಿಟ್ಟು ಹೇಳುವ ಗಳಿಗೆಗಾಗಿ ಮುನ್ನೂರು ಪುಟ ಕಾಯುತ್ತೇವೆ. ಮೊದಲೇ ಸಾಧುವಾದವನಲ್ಲಿ ಈ ಗಳಿಗೆ ಬರುವಂತಿಲ್ಲ, ಅವನು ಕೆಳಗಿಡಬೇಕಾದದ್ದು ಏನೂ ಇರುವುದಿಲ್ಲ. ನಿಮ್ಮನ್ನು ಹಿಡಿದಿಡುವುದು ಅವನ ಕ್ರೌರ್ಯವಲ್ಲ, ಆ ತಪ್ಪೊಪ್ಪಿಗೆ. ನಮ್ಮ ಸೀಮೆಯ ಹೆಣ್ಣುಮಕ್ಕಳು ಅಪ್ಪನಿಂದ, ಅಣ್ಣನಿಂದ, ಮಾವನಿಂದ, ಮೇಲಧಿಕಾರಿಯಿಂದ ಒಮ್ಮೆಯೂ ಕೇಳದ ಮಾತು ಅದು. ನನ್ನ ಮುಂದೆ ಕುಳಿತು ಐವತ್ತು, ಅರವತ್ತು ವರ್ಷದ ಹೆಂಗಸರು ‘ಒಂದು ಸಲ ತಪ್ಪಾಯ್ತು ಅಂದಿದ್ದರೆ ಸಾಕಿತ್ತು’ ಎಂದು ಅತ್ತಿದ್ದಾರೆ. ಆ ಮಾತನ್ನು ಕಾದಂಬರಿ ಪ್ರತಿಸಲವೂ ತಪ್ಪದೆ ಕೊಡುತ್ತದೆ. ಬಯಸಿ ಬಯಸಿ ಅದನ್ನು ಓದುವುದು ದೋಷವೆಂದು ನಾನು ಎಂದೂ ಹೇಳಲಾರೆ.

ಎರಡನೆಯ ಸೆಳೆತವೊಂದಿದೆ, ಅದು ನಿಮ್ಮ ಮನೆಗೆ ಹತ್ತಿರದ್ದು. ಇಂದಿನ ಈ ಬಗೆಯ ಕಾದಂಬರಿಗಳಲ್ಲಿ ಒಂದು ಅಧ್ಯಾಯ ಅವಳ ಕಣ್ಣಿನಿಂದ ನಡೆದರೆ ಮುಂದಿನದು ಅವನ ಕಣ್ಣಿನಿಂದ ನಡೆಯುತ್ತದೆ. ಅವನು ಬಾಯಲ್ಲಿ ಕಲ್ಲೆಸೆದ ಹಾಗೆ ಮಾತನಾಡುತ್ತಿರುವಾಗಲೂ, ಮನಸ್ಸಿನೊಳಗೆ ಅವಳ ಕೈಬೆರಳು ನಡುಗಿದ್ದನ್ನು ಗಮನಿಸುತ್ತಿದ್ದಾನೆಂದು ನಮಗೆ ಗೊತ್ತಿರುತ್ತದೆ. ಮಾತನಾಡದ ಗಂಡಸಿನ ಎದೆಯೊಳಗೆ ನಮ್ಮನ್ನು ಕರೆದೊಯ್ದು ಅಲ್ಲಿರುವುದನ್ನೆಲ್ಲ ತೋರಿಸುವ ಕಥೆ ಅದು. ‘ಊಟ ಆಯ್ತಾ’ ಎಂಬಲ್ಲಿಗೆ ಮಾತು ಮುಗಿಯುವ ಮನೆಯ ಹೆಂಗಸಿಗೆ ಇದು ಎಷ್ಟು ದೊಡ್ಡ ಉಡುಗೊರೆಯೆಂದು ನಾನು ಬಲ್ಲೆ. ಇದರಿಂದ ನಿಮ್ಮ ಯಜಮಾನರ ಮೇಲೆ ದೂರು ಹೊರಿಸುತ್ತಿಲ್ಲ. ನಿಮಗೆ ಒರಟ ಗಂಡಸು ಬೇಕಾಗಿಲ್ಲ, ಮೌನದ ಹಿಂದೆ ಏನಿದೆಯೆಂದು ತಿಳಿಯಬೇಕಾಗಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಶರೀರದ ಪಾಲೂ ಸ್ವಲ್ಪ ಇದೆ. ಭಯಕ್ಕೂ ಆಕರ್ಷಣೆಗೂ ಎದೆಬಡಿತ ಒಂದೇ ರೀತಿ ಏರುತ್ತದೆ. ಕೆನಡಾದಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗದಲ್ಲಿ, ಆಳವಾದ ಕಣಿವೆಯ ಮೇಲಿನ ತೂಗುಸೇತುವೆ ದಾಟಿದ ಗಂಡಸರು, ಗಟ್ಟಿ ಸೇತುವೆ ದಾಟಿದವರಿಗಿಂತ ಹೆಚ್ಚಾಗಿ, ಅಲ್ಲಿ ಮಾತನಾಡಿಸಿದ ಸಂಶೋಧಕಿಗೆ ಆಮೇಲೆ ಕರೆಮಾಡಿದರು. ಮನಸ್ಸು ನಡುಕಕ್ಕೆ ಒಲವೆಂಬ ಹೆಸರಿಡಬಲ್ಲದು. ಪುಸ್ತಕದಲ್ಲಿ ಇದು ರುಚಿ ಕೊಡುತ್ತದೆ, ಹಾನಿ ಮಾಡುವುದಿಲ್ಲ. ಸಿಟ್ಟಿನ ಹುಡುಗನ ಎದುರು ನಿಂತವಳಿಗೆ ಮಾತ್ರ ಆ ಗೊಂದಲ ಅಪಾಯಕಾರಿ.

ಇನ್ನು, ಇಂಗ್ಲಿಷ್ ಪುಸ್ತಕ ಓದಿ ಹುಡುಗಿ ಕೆಟ್ಟಳೇ ಎಂಬ ಪ್ರಶ್ನೆ. ಈ ಸೆಳೆತ ನಮಗೆ ಹಡಗಿನಲ್ಲಿ ಬಂದದ್ದಲ್ಲ. ಜನ್ನನು 1209ರಲ್ಲಿ ಬರೆದ ಯಶೋಧರಚರಿತೆಯಲ್ಲಿ ರಾಣಿ ಅಮೃತಮತಿ, ನಸುಕಿನಲ್ಲಿ ಕೇಳಿದ ಹಾಡಿಗೆ ಮನಸೋತು, ವಿಕಾರ ರೂಪದ ಮಾವುತನ ಬಳಿಗೆ ಹೋಗುತ್ತಾಳೆ. ಒಂದಿರುಳು ತಡವಾಗಿ ಬಂದಳೆಂದು ಅವನು ಹೊಡೆಯುತ್ತಾನೆ. ಅವಳು ಅವನನ್ನೇ ಓಲೈಸುತ್ತಾಳೆ. ನಾನು ಈ ಭಾಗವನ್ನು ಮೊದಲು ಓದಿದ್ದು ವಿದ್ಯಾರ್ಥಿನಿಯಾಗಿದ್ದಾಗ. ಆಮೇಲೆ ಎಷ್ಟೋ ವರ್ಷ ಕಳೆದ ಮೇಲೆ, ಕೆನ್ನೆ ಊದಿಸಿಕೊಂಡು ಬಂದು ‘ತಪ್ಪು ನನ್ನದೇ, ಲೇಟಾಗಿ ಹೋದೆ’ ಎಂದವಳೊಬ್ಬಳ ಎದುರು ಕುಳಿತಾಗ ಅದು ಅರ್ಥವಾಯಿತು. ಜನ್ನನ ಮಾವುತ ಬದಲಾಗುವುದಿಲ್ಲ. ಬದಲಾಗುವ ಖಳನೂ ನಮ್ಮಲ್ಲಿದ್ದಾನೆ. ಅಭಿನವಪಂಪನೆಂದು ಹೆಸರಾದ ನಾಗಚಂದ್ರನ ರಾಮಾಯಣದ ರಾವಣ, ಸೀತೆ ಮೂರ್ಛೆಹೋದದ್ದನ್ನು ಕಂಡು ನಿಜವಾಗಿ ಪಶ್ಚಾತ್ತಾಪ ಪಡುತ್ತಾನೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಬಿ.ಎಂ.ಶ್ರೀಯವರು ಅವನನ್ನು ದುರಂತನಾಯಕನೆಂದು ಗುರುತಿಸಿ ಬರೆದರು. ಅವನ ಮನಸ್ಸು ತಿರುಗಿದ್ದು ಸುಳ್ಳಲ್ಲ. ಆದರೆ ಆಗಲೇ ಸೀತೆಯನ್ನು ಒಪ್ಪಿಸಿದರೆ ಹೇಡಿಯೆನ್ನುತ್ತಾರೆಂದು, ಮೊದಲು ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುತ್ತೇನೆಂದು ಹೊರಡುತ್ತಾನೆ, ಸಾಯುತ್ತಾನೆ. ಪಶ್ಚಾತ್ತಾಪ ಪ್ರಾಮಾಣಿಕವಾಗಿದ್ದರೂ ಅದು ನಡತೆಯಾಗಿ ಹೊರಬರದೆ ಹೋಗಬಹುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಮ್ಮ ಮನಶ್ಶಾಸ್ತ್ರದ ಪುಸ್ತಕಗಳೂ ಹೇಳಿಲ್ಲ.

ಹಾಗಾದರೆ ‘ಅವನು ಬದಲಾಗುತ್ತಾನೆ’ ಎಂಬ ಭರವಸೆಯನ್ನು ಆ ಹುಡುಗಿ ಎಲ್ಲಿಂದ ಪಡೆದಳು? ಪುಸ್ತಕದ ಕಡೆ ಬೆರಳು ತೋರಿಸುವ ಮೊದಲು ನಮ್ಮ ಜಗುಲಿಗಳ ಮಾತನ್ನು ಕೇಳಿಸಿಕೊಳ್ಳೋಣ. ‘ಒಂದು ಮದುವೆ ಮಾಡಿಬಿಡಿ, ದಾರಿಗೆ ಬರ್ತಾನೆ.’ ‘ಮಗು ಆಗಲಿ, ಕುಡಿಯೋದು ತಾನಾಗೇ ಬಿಡ್ತಾನೆ.’ ‘ಹೆಂಡತಿ ಗಟ್ಟಿಗಿತ್ತಿಯಾದರೆ ಎಂಥವನೂ ಸರಿಹೋಗ್ತಾನೆ.’ ಒಂದು ಇಂಗ್ಲಿಷ್ ಪುಟವನ್ನೂ ಓದದ ಹಿರಿಯರು ಈ ಮಾತುಗಳನ್ನಾಡಿ ಹೆಣ್ಣು ಕೊಟ್ಟಿದ್ದಾರೆ, ತಂದುಕೊಂಡಿದ್ದಾರೆ. ಗಂಡಸನ್ನು ತಿದ್ದುವ ಹೊಣೆಯನ್ನು ಹೆಣ್ಣಿನ ತಲೆಯ ಮೇಲಿಟ್ಟಿದ್ದಾರೆ. ಈ ನಂಬಿಕೆ ಇಂಗ್ಲೆಂಡಿನಲ್ಲೂ ಇತ್ತು. ಕಾಟ ಕೊಟ್ಟ ಯಜಮಾನ ಕೊನೆಗೆ ಒಳ್ಳೆಯವನಾಗಿ ಮನೆಯ ಸೇವಕಿಯನ್ನೇ ಮದುವೆಯಾಗುವ ಕಥೆಯನ್ನು 1740ರಲ್ಲಿ ಬರೆದು ಹೆಸರು ಮಾಡಿದ ಸ್ಯಾಮ್ಯುಯೆಲ್ ರಿಚರ್ಡ್‌ಸನ್ನನೇ, 1748ರಲ್ಲಿ ಮುಗಿದ ತನ್ನ ಮುಂದಿನ ದೊಡ್ಡ ಕಾದಂಬರಿಯ ಮುನ್ನುಡಿಯಲ್ಲಿ, ಲಂಪಟನಾಗಿದ್ದು ಸುಧಾರಿಸಿದವನೇ ಎಲ್ಲರಿಗಿಂತ ಒಳ್ಳೆಯ ಗಂಡನಾಗುತ್ತಾನೆಂಬ ನಂಬಿಕೆ ಅಪಾಯಕಾರಿಯೆಂದು ಹೆಣ್ಣುಮಕ್ಕಳನ್ನು ಎಚ್ಚರಿಸಿದ. ಆ ಕಾದಂಬರಿಯ ಲಂಪಟ ಬದಲಾಗುವುದಿಲ್ಲ. ನಾಯಕಿ ಅವನನ್ನು ಮದುವೆಯಾಗಲು ಕಡೆಯವರೆಗೂ ಒಪ್ಪುವುದಿಲ್ಲ. ನೀವು ಕೊಟ್ಟ ಪುಸ್ತಕ ಆ ಹುಡುಗಿಗೆ ಒಂದು ಹೋಲಿಕೆಯನ್ನು ಕೊಟ್ಟಿರಬಹುದು, ‘ಡ್ಯೂಕ್ ಥರಾನೇ’ ಎಂಬ ಮಾತನ್ನು ಕೊಟ್ಟಿರಬಹುದು. ನಂಬಿಕೆಯನ್ನು ಅವಳು ಮನೆಯಲ್ಲೇ ಕೇಳಿ ಬೆಳೆದಿದ್ದಾಳೆ.

ಪುಸ್ತಕಗಳೆಲ್ಲ ಒಂದೇ ಎಂದೂ ನಾನು ಹೇಳುವುದಿಲ್ಲ. 1970ರ ದಶಕದ ಅಮೆರಿಕದ ಐತಿಹಾಸಿಕ ಪ್ರೇಮಕಾದಂಬರಿಗಳಲ್ಲಿ ನಾಯಕನೇ ನಾಯಕಿಯ ಮೇಲೆ ಬಲಾತ್ಕಾರ ಮಾಡಿ, ಅದನ್ನೇ ಒಲವೆಂದು ದಾಟಿಸಿಬಿಡುವ ಕಥೆಗಳು ಅನೇಕವಿದ್ದವು. ಮುಂದೆ ಬರಹಗಾರ್ತಿಯರೂ ಓದುಗರೂ ಅದನ್ನು ಪ್ರಶ್ನಿಸಿದ್ದರಿಂದ ಇಂದಿನ ಪುಸ್ತಕಗಳಲ್ಲಿ ಅವಳ ಒಪ್ಪಿಗೆಗೆ ಬಹಳ ಬೆಲೆಯಿದೆ. ಹತ್ತೊಂಬತ್ತರ ಹುಡುಗಿ ಯಾವ ಕಾಲದ್ದನ್ನು ಓದುತ್ತಿದ್ದಾಳೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅವಳು ಆಡಿದ ಮಾತುಗಳಲ್ಲಿ ನನ್ನನ್ನು ನಿಲ್ಲಿಸಿದ್ದು ಕೋಪದ ಮಾತಲ್ಲ. ಫೋನ್ ತೆಗೆದು ನೋಡುವುದು, ಎಲ್ಲರ ಮುಂದೆ ಬೈಯುವುದು, ಆಮೇಲೆ ರಾತ್ರಿಯೆಲ್ಲ ಅಳುವುದು: ಈ ಮೂರೂ ಒಟ್ಟಿಗೆ ಬಂದಿರುವುದು ನನಗೆ ಕಳವಳ ತಂದಿತು. ಹಿಂಸೆಗೆ ಒಳಗಾದ ಮಹಿಳೆಯರ ಅನುಭವವನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಒಂದು ಸುತ್ತನ್ನು ಗುರುತಿಸಿದರು. ಬಿಗುವು ಏರುತ್ತದೆ, ಒಂದು ದಿನ ಸ್ಫೋಟಿಸುತ್ತದೆ, ಆಮೇಲೆ ಕಣ್ಣೀರು, ಕ್ಷಮೆ, ಕಾಣಿಕೆ, ಅತಿಯಾದ ಅಕ್ಕರೆ, ಮತ್ತೆ ಬಿಗುವು. ಎಲ್ಲ ಸಂಬಂಧವೂ ಈ ಅಚ್ಚಿನಲ್ಲೇ ನಡೆಯುವುದಿಲ್ಲ, ಆದರೆ ನನ್ನ ಕೋಣೆಯಲ್ಲಿ ಕೇಳಿದ ಕಥೆಗಳಲ್ಲಿ ಈ ಸುತ್ತು ಮತ್ತೆ ಮತ್ತೆ ಬಂದಿದೆ. ಇದರ ಮೂರನೆಯ ಘಟ್ಟ ಕಾದಂಬರಿಯ ಕೊನೆಯ ಅಧ್ಯಾಯವನ್ನು ಹೆಚ್ಚುಕಡಿಮೆ ಹಾಗೆಯೇ ಹೋಲುತ್ತದೆ ಎಂಬುದೇ ತೊಡಕು. ಗಂಡಸು ಅಳುತ್ತಾನೆ, ಬಾಲ್ಯದ ಗಾಯ ತೋರಿಸುತ್ತಾನೆ, ನೀನಿಲ್ಲದೆ ನಾನಿಲ್ಲ ಎನ್ನುತ್ತಾನೆ. ಕಾದಂಬರಿಯಲ್ಲಿ ಈ ದೃಶ್ಯ ಒಂದೇ ಸಲ ಬರುತ್ತದೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಬದುಕಿನಲ್ಲಿ ಅದು ಕಥೆಯ ನಡುವೆ ಬರುತ್ತದೆ, ಎರಡು ವಾರಕ್ಕೊಮ್ಮೆ ಬರುತ್ತದೆ. ಮೊದಲ ಸಲ ಬಂದಾಗ ಕೊನೆಯ ಪುಟ ಬಂತೆಂದು ಹುಡುಗಿ ನಂಬಿಬಿಡುತ್ತಾಳೆ.

ಅವಳು ಬಿಟ್ಟುಬರಲು ಏಕೆ ಒದ್ದಾಡುತ್ತಾಳೆಂದು ನೀವು ಕೇಳಿಕೊಳ್ಳಬಹುದು. ಯಾವ ಹೊತ್ತಿಗೆ ಸಿಕ್ಕೀತೆಂದು ಹೇಳಲಾಗದಂತೆ ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನ, ದಿನವೂ ಸಿಗುವುದಕ್ಕಿಂತ ಬಿಗಿಯಾಗಿ ಕಟ್ಟಿಹಾಕುತ್ತದೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿದರು. ಕಾಳು ನಿಂತುಹೋದ ಮೇಲೂ ಪಾರಿವಾಳ ಕುಕ್ಕುತ್ತಲೇ ಇರುತ್ತದೆ. ಹತ್ತು ದಿನದ ಬಿರುಸಿನ ನಡುವೆ ಒಂದು ದಿನದ ಅಕ್ಕರೆಯೂ ಹಾಗೆಯೇ ಕಟ್ಟುತ್ತದೆ. ಇದು ಅವಳ ದಡ್ಡತನವಲ್ಲ. ಜೀವಕ್ಕೆ ಇರುವ ಸ್ವಭಾವ. ಅವಳೊಂದಿಗೆ ಮಾತನಾಡುವಾಗ ‘ಇಷ್ಟೂ ಗೊತ್ತಾಗಲ್ವಾ ನಿಂಗೆ’ ಎಂಬ ಮಾತು ಬಾಯಿಂದ ಬರದಿರಲಿ.

ಹುಡುಗನ ಬಾಲ್ಯದ ನೋವು ನಿಜವೇ ಇರಬಹುದು. ನೋವು ಕಾರಣವಾಗಬಲ್ಲದು, ಪರವಾನಗಿಯಾಗಲಾರದು. ಅಂಥ ಬಾಲ್ಯ ಕಂಡವರಲ್ಲಿ ಬಹಳ ಜನ ಯಾರ ಫೋನನ್ನೂ ಕಸಿದುಕೊಳ್ಳದೆ ಬಾಳುತ್ತಾರೆ. ಬದಲಾಗಬಯಸುವ ಗಂಡಸರನ್ನೂ ನಾನು ಕಂಡಿದ್ದೇನೆ, ಅವರ ಬಗ್ಗೆ ನನಗೆ ಗೌರವವಿದೆ. ಅವರು ತಾವಾಗಿಯೇ ಸಮಾಲೋಚನೆಗೆ ಬಂದವರು, ಹುಡುಗಿ ದೂರವಿದ್ದಾಗಲೂ ಬರುವುದನ್ನು ಬಿಡದವರು, ತಿಂಗಳುಗಟ್ಟಲೆ ಫಲ ಕಾಣದಿದ್ದರೂ ಅವಳ ಮೇಲೆ ದೂರು ಹೇಳದವರು. ಬದಲಾವಣೆ ಅವರ ಕೆಲಸವಾಗಿತ್ತು, ಅವಳದಾಗಿರಲಿಲ್ಲ. ಈ ಕ್ರಮವನ್ನೇ ಅವಳಿಗೆ ತೋರಿಸಬೇಕು. ಒಳ್ಳೆಯ ಕಾದಂಬರಿಗಳಲ್ಲಿ ಅವನು ಮೊದಲು ಬದಲಾಗುತ್ತಾನೆ, ಅವಳು ಆಮೇಲೆ ಮರಳುತ್ತಾಳೆ. ಬದುಕಿನಲ್ಲಿ ಹುಡುಗಿಯರು ಮೊದಲು ಉಳಿಯುತ್ತಾರೆ, ಬದಲಾವಣೆಗೆ ಆಮೇಲೆ ಕಾಯುತ್ತಾರೆ. ಈ ಬಗೆಯ ನಾಯಕರಿಗೆಲ್ಲ ಅಜ್ಜನಂತಿರುವವನು 1847ರಲ್ಲಿ ಪ್ರಕಟವಾದ ಜೇನ್ ಐರ್ ಕಾದಂಬರಿಯ ರೋಚೆಸ್ಟರ್. ಅವನಿಗೆ ಹೆಂಡತಿ ಇದ್ದಾಳೆಂದು ತಿಳಿದ ಜೇನ್, ಅವನು ಎಷ್ಟೇ ಬೇಡಿಕೊಂಡರೂ, ಕೈಯಲ್ಲಿ ಹೆಚ್ಚು ಹಣವಿಲ್ಲದೆ ಮನೆ ಬಿಟ್ಟು ಹೊರಡುತ್ತಾಳೆ. ಅವಳು ಮರಳುವುದು ಚಿಕ್ಕಪ್ಪನ ಆಸ್ತಿ ಬಂದು ತನ್ನ ಕಾಲ ಮೇಲೆ ತಾನು ನಿಂತ ನಂತರ. ಆ ಕಥೆಯಲ್ಲಿ ಎಲ್ಲರೂ ಅವನ ಕರಗಿದ ಎದೆಯನ್ನು ನೆನಪಿಟ್ಟುಕೊಳ್ಳುತ್ತಾರೆ. ಅವಳು ಹೊರಟುಹೋದ ಆ ಬೆಳಗಿನ ಜಾವವನ್ನು ಮರೆಯುತ್ತಾರೆ.

ಇನ್ನು ಏನು ಮಾಡಬಹುದು. ಪುಸ್ತಕ ಬಿಡಿಸುವುದರಿಂದ ಪ್ರಯೋಜನವಿಲ್ಲ. ಈಗ ಅವಳು ಮನಸ್ಸು ಬಿಚ್ಚಿ ಮಾತನಾಡಿದ್ದು ನಿಮ್ಮೊಬ್ಬರ ಬಳಿ, ಅದಕ್ಕೆ ಸೇತುವೆಯಾದದ್ದು ಆ ಪುಸ್ತಕಗಳು. ಅವನ್ನು ಕಿತ್ತುಕೊಂಡರೆ ಸೇತುವೆಯೂ ಹೋಗುತ್ತದೆ. ನಾದಿನಿಗೆ ತಕ್ಷಣ ಹೇಳುವುದು ನ್ಯಾಯವೆನಿಸಬಹುದು, ಆದರೆ ಅದರ ಪರಿಣಾಮವನ್ನು ನಮ್ಮ ಕಡೆ ಬಲ್ಲವರೆಲ್ಲ ಬಲ್ಲರು. ಓದು ಬಿಡಿಸಿ ಊರಿಗೆ ಕರೆತಂದು, ಆರು ತಿಂಗಳಲ್ಲಿ ಯಾರಿಗೋ ಕಟ್ಟಿಬಿಡುವ ಮನೆಗಳು ಇನ್ನೂ ಇವೆ. ಆ ಹೆದರಿಕೆ ಹುಡುಗಿಗೂ ಇರುತ್ತದೆ, ಹುಡುಗನಿಗೂ ಗೊತ್ತಿರುತ್ತದೆ. ‘ನಿಮ್ಮನೇಲಿ ಹೇಳ್ತೀನಿ’ ಎಂಬ ಬೆದರಿಕೆಗೆ ಅದೇ ಬಂಡವಾಳ. ನಿಮ್ಮ ನಾದಿನಿಯ ಸ್ವಭಾವ ನಿಮಗೆ ಗೊತ್ತು. ಮಗಳ ಓದನ್ನು ಕಾಯುವ ತಾಯಿಯಾದರೆ, ಹುಡುಗಿಯನ್ನು ಒಪ್ಪಿಸಿ ಒಟ್ಟಿಗೆ ಹೇಳಿ. ಸುಮ್ಮನಿದ್ದು ನೋಡೋಣ ಎಂಬುದು ಮೂರನೆಯ ದಾರಿ. ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಫೋನಿನ ಮೇಲಿನ ಕಾವಲು ಮುಂದೆ ಗೆಳತಿಯರ ಮೇಲೆ, ಬಟ್ಟೆಯ ಮೇಲೆ, ನಿಮ್ಮ ಮನೆಗೆ ಬರುವ ಶನಿವಾರದ ಮೇಲೆ ಹರಡುವುದನ್ನು ಕಂಡಿದ್ದೇನೆ. ಅವಳು ಶನಿವಾರ ಬರುವುದು ತಪ್ಪಿಸತೊಡಗಿದರೆ ಅದನ್ನು ಸಣ್ಣ ವಿಷಯವೆಂದುಕೊಳ್ಳಬೇಡಿ.

ನಾನು ಸೂಚಿಸುವುದು ಮಾತುಕತೆಯನ್ನು, ಅದೂ ಮುಖಾಮುಖಿಯಾಗಿ. ವಾಟ್ಸಾಪಿನಲ್ಲಿ ಎಚ್ಚರಿಕೆ ಬರೆದು ಕಳಿಸಬೇಡಿ. ಅವಳ ಫೋನನ್ನು ಅವನು ನೋಡುತ್ತಾನೆ. ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಲೋ ಸಂಜೆ ತಿರುಗಾಡುತ್ತಲೋ ಮೊದಲು ಪುಸ್ತಕದ ಬಗ್ಗೆಯೇ ಮಾತು ತೆಗೆಯಿರಿ. ‘ಅವನು ಬದಲಾಗೋಕೆ ಮುಂಚೆ ನಾಯಕಿ ಎಲ್ಲಿಗೆ ಹೋಗಿದ್ದಳು?’ ಎಂದು ಕೇಳಿ. ‘ನೀನು ಬೇಡ ಅಂದಾಗ ಇವನು ಏನು ಮಾಡ್ತಾನೆ?’ ಎಂದು ಕೇಳಿ. ಮನುಷ್ಯನ ನಿಜವಾದ ಗುಣ ಗೊತ್ತಾಗುವುದು ಅವನು ಅಳುವಾಗಲ್ಲ, ಬೇಡವೆಂಬ ಮಾತು ಕೇಳಿದಾಗ. ಉತ್ತರವನ್ನು ಅವಳೇ ಹುಡುಕಿಕೊಳ್ಳಲಿ. ನೀವು ಹೇಳಿಕೊಟ್ಟ ಉತ್ತರವನ್ನು ಅವನ ಮುಂದಿನ ಕಣ್ಣೀರು ತೊಳೆದುಬಿಡುತ್ತದೆ. ಈ ದಾರಿಗೂ ಅಪಾಯವಿದೆ: ನಿಧಾನವಾಗಿ ಸಾಗುತ್ತದೆ, ಒಂದೆರಡು ಸಲ ಅವಳು ಅವನ ಪರ ವಹಿಸಿ ನಿಮ್ಮೊಡನೆ ಮುನಿಸಿಕೊಳ್ಳಬಹುದು. ಆಗಲೂ ‘ಯಾವಾಗ ಬೇಕಾದರೂ ಬಾ, ನಾನು ಬೈಯಲ್ಲ’ ಎಂಬ ಒಂದು ಮಾತನ್ನು ಉಳಿಸಿಕೊಳ್ಳಿ.

ಅವನು ಕೈಮಾಡಿದ್ದರೆ, ಕತ್ತು ಹಿಡಿದಿದ್ದರೆ, ಸಾಯುತ್ತೇನೆಂದು ಹೆದರಿಸುತ್ತಿದ್ದರೆ, ಫೋಟೋಗಳನ್ನು ಹೊರಗೆ ಬಿಡುತ್ತೇನೆಂದಿದ್ದರೆ, ಪಿಜಿಯ ಮುಂದೆ ಕಾದು ನಿಲ್ಲುತ್ತಿದ್ದರೆ ನಿಧಾನಕ್ಕೆ ಜಾಗವಿಲ್ಲ. ಬೇಡವೆಂದ ಮೇಲೂ ಹೆಣ್ಣನ್ನು ಹಿಂಬಾಲಿಸುವುದು, ಅವಳ ಫೋನು ಇಂಟರ್ನೆಟ್ಟಿನ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಅಡಿ ಅಪರಾಧ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಮನಸ್ಸಿನ ಭಾರ ಹೇಳಿಕೊಳ್ಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆ ಹುಡುಗಿಗಷ್ಟೇ ಅಲ್ಲ, ನಿದ್ದೆಗೆಟ್ಟಿರುವ ನಿಮಗೂ ಉಪಯೋಗಕ್ಕೆ ಬಂದೀತು. ಸಂಬಂಧ ಮುರಿಯುವ ದಿನಗಳೇ ಹೆಚ್ಚು ಅಪಾಯದ ದಿನಗಳೆಂಬುದನ್ನು ಮರೆಯಬೇಡಿ. ಅವಳು ಒಬ್ಬಳೇ ಹೋಗಿ ಅವನಿಗೆ ತಿಳಿಹೇಳಿ ಬರ್ತೀನಿ ಎಂದರೆ ತಡೆಯಿರಿ. ಫೋನಿನ ಪಾಸ್‌ವರ್ಡ್ ಬದಲಿಸಿ, ತಾನಿರುವ ಜಾಗ ಅವನಿಗೆ ಕಾಣುವಂತಿದ್ದರೆ ಅದನ್ನು ನಿಲ್ಲಿಸಿ, ಪಿಜಿಯವರಿಗೂ ಒಬ್ಬ ಗೆಳತಿಗೂ ವಿಷಯ ತಿಳಿಸಿದ ಮೇಲೆಯೇ ಆ ಮಾತು ಆಗಬೇಕು.

ಕೊನೆಯದು, ಯಜಮಾನರಿಗೆ ಹೇಳಬೇಕೇ ಎಂಬುದು. ಹುಡುಗಿಯ ವಿಷಯವನ್ನು ಅವಳ ಒಪ್ಪಿಗೆ ಪಡೆದು ಹೇಳಿ. ಅವರು ಅವಳ ಸೋದರಮಾವ, ಗದರದ ಮನುಷ್ಯ, ಇಂಥ ಹೊತ್ತಿಗೆ ಬೇಕಾದವರು. ನಿಮ್ಮ ಓದಿನ ವಿಷಯ ನಿಮಗೆ ಬಿಟ್ಟದ್ದು. ಹೇಳದಿದ್ದರೆ ಅದು ಮೋಸವಲ್ಲ, ಮನುಷ್ಯರಿಗೆ ತಮ್ಮದೆಂಬ ಒಂದು ಮೂಲೆ ಇರಬಹುದು. ಹೇಳಿದರೆ ಅವರು ನಕ್ಕುಬಿಡಬಹುದೆಂಬ ಭಯವೂ ಸುಳ್ಳಲ್ಲ. ಆದರೂ ಹೇಳಬೇಕೆನಿಸಿದ ದಿನ ಡ್ಯೂಕನ ಸಿಟ್ಟಿನಿಂದ ಪ್ರಾರಂಭಿಸಬೇಡಿ. ಅವನು ಅವಳಿಗೆ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳುವ ಒಂದು ಪುಟವನ್ನು ನಿಮ್ಮ ಮಾತಿನಲ್ಲೇ, ನಮ್ಮ ಕನ್ನಡದಲ್ಲೇ ಹೇಳಿ, ಇಷ್ಟು ವರ್ಷ ಕೇಳಬೇಕೆಂದುಕೊಂಡದ್ದು ಇಷ್ಟನ್ನೇ ಎಂದು ತಿಳಿಸಿ. ಆ ರಾತ್ರಿ ‘ಊಟ ಆಯ್ತಾ’ ಎಂದು ಅವರು ಕೇಳಿದಾಗ, ಆಯ್ತು ಎಂದು ಮುಗಿಸದೆ, ನೀವೂ ಒಂದು ಪ್ರಶ್ನೆ ಕೇಳಿ ನೋಡಿ.